ಸೋಮವಾರ ಹೂಡದ ಗಾಡಿ

ಜಟ್ಟೆಪ್ಪನ ಜೋಡಿ ನಾನು ಮೊದಲ ಸಲ ಮಾತಾಡಿದ್ದು ಬೈಲಹೊಂಗಲದಾಗ, ಹತ್ತಿ ಜಿನ್ನಿನ ಹಿಂದಿನ ಅಂಗಳದಾಗ. ೧೯೭೪ನೇ ಇಸವಿ, ದೀಪಾವಳಿ ಆಗಿ ಒಂಬತ್ತನೇ ದಿನ. ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಹರಿದ ಚೀಲ ಹೊಲಿಯಾಕ ಹತ್ತಿದ್ದೆ. ಆ ಹೊತ್ತಿಗೆ ಹನ್ನೊಂದು ಚೀಲ ಮುಗಿದಿದ್ದವು. ಅಂವ ಬಂದು ಮುಂದ ನಿಂತ. ಒಮ್ಮೆ ಎಡಗಾಲ ಮ್ಯಾಲೆ ಭಾರ ಹಾಕತಿದ್ದ, ಒಮ್ಮೆ ಬಲಗಾಲ ಮ್ಯಾಲೆ. ಅವನ ನೆರಳು ನನ್ನ ಹೊಲಿಗಿ ಮ್ಯಾಲೆ ಹೋಗಿ ಬಂದು ಮಾಡತಿತ್ತು.

"ಒಂದ ಕಡೆ ನಿಂದರಪಾ. ದಾರ ಕಾಣವಲ್ದು," ಅಂದೆ.

"ಅವ್ವಾ, ತಾಡಪತ್ರಿ ಹೊಲೀತೀರೇನ್ರಿ?"

"ಚೀಲ ಹೊಲಿಯಾಕಿ ತಾಡಪತ್ರಿ ಹೊಲಿಯೂದಿಲ್ಲೇನು? ಎಷ್ಟ ಉದ್ದ, ಎಷ್ಟ ಅಗಲ?"

"ಅದು ಗೊತ್ತಿಲ್ರಿ. ಗಾಡಿ ಮ್ಯಾಲೆ ಹೊದಸಾಕ ಟಪ್ಪ ಆಗಬೇಕು. ಹಿಂದ ಒಂದು ಪರದೆ ಬೇಕು."

"ಹಂಗಾರ ಗಾಡಿ ತೋರಸು."

ಗಾಡಿ ಗೇಟಿನ ಹೊರಗ ಬೇವಿನ ಗಿಡದ ಕೆಳಗ ನಿಂತಿತ್ತು. ಹಳೇ ಪಿಕಪ್ಪು. ಮುಂದ ಇಬ್ಬರು ಕುಂದರೂವಷ್ಟು ಕೋಣಿ, ಹಿಂದ ತೆರೆದ ತೊಟ್ಟಿ. ನವಿಲುತೀರ್ಥದ ಡ್ಯಾಮಿನ ಕೆಲಸಕ್ಕ ತಂದದ್ದು. ಕೆಲಸ ಮುಗಿದ ಮ್ಯಾಲೆ ಲಿಲಾವು ಕೂಗಿದಾಗ ಇಂವ ಹಿಡಿದಿದ್ದ. ಹಸಿರು ಬಣ್ಣದ ಕೆಳಗ ಹಳದಿ, ಹಳದಿ ಕೆಳಗ ಮಣ್ಣಿನ ಬಣ್ಣ ಕಾಣತಿತ್ತು. ನಾನು ಮೊಳ ಹಾಕಿ ನೋಡಿದೆ. ತೊಟ್ಟಿ ಉದ್ದ ನಾಕು ಮೊಳ ಒಂದು ಗೇಣು, ಅಗಲ ಮೂರು ಮೊಳ ನಾಕು ಬೆರಳು. ಎಡಗಡೆ ಹಿಂದಿನ ಮೂಲಿ ಬಲಗಡೆಗಿಂತ ಎರಡು ಬೆರಳು ತಗ್ಗಿತ್ತು.

"ಗಾಡಿ ಕುಂಟತೈತಿ," ಅಂದೆ. "ಇದಕ್ಕ ಸರಿಯಾಗಿ ಹೊಲಿದರ ಟಪ್ಪನೂ ಕುಂಟತೈತಿ. ಮೊದಲ ಗಾಡಿ ನೆಟ್ಟಗ ಮಾಡು."

ಅಂವ ನನ್ನ ಮುಖ ನೋಡಿದ, ಗಾಡಿ ನೋಡಿದ, ನೆಲಕ್ಕ ಕುಂತು ಕೆಳಗ ಇಣಿಕಿದ. ಮರುದಿನ ಮಧ್ಯಾಹ್ನ ಹೊಳ್ಳಿ ಬಂದ. ಎಡಗಡೆ ಚಕ್ರದ ಮ್ಯಾಲಿನ ಕಮಾನಿಗೆ ಇನ್ನೊಂದು ಉಕ್ಕಿನ ಪಾಟಾ ಹಾಕಿಸಿದ್ದ. ಅಳೆದು ನೋಡಿದೆ, ಸಮ ಇತ್ತು. ಅವತ್ತಿನಿಂದ ನನಗ 'ರಿ' ಹಚ್ಚೂದು ಬಿಟ್ಟ. ತಾಯಿಗೆ ಮಾತಾಡಿದಂಗ ಮಾತಾಡಿದ.

"ಪರದೆ ಯಾಕಪಾ?" ಅಂತ ಕೇಳಿದೆ.

"ನನ್ನ ಹೇಣ್ತಿ ಕುಂದರಾಕಿ ಅದಾಳ. ಆಕಿಗೆ ಹಾದ್ಯಾಗ ಹೋಗೂ ಮಂದಿ ಕಣ್ಣಿಗೆ ಬೀಳೂದು ಸೇರೂದಿಲ್ಲ."

"ಎಲ್ಲಿ ಅದಾಳ ಆಕಿ?"

"ತವರ ಮನ್ಯಾಗ. ಪಂಚಮಿಗೆ ಹೋಗ್ಯಾಳ."

"ಪಂಚಮಿ ಆಗಿ ಮೂರು ತಿಂಗಳಾತಲ್ಲೋ."

"ಹೂಂನವ್ವಾ," ಅಂದ. ಅಂದವನ ಎದ್ದು ಟೈರಿಗೆ ಒದ್ದು ಗಾಳಿ ನೋಡಾಕ ಹತ್ತಿದ.

ಅವನ ಸಂಗತಿ ಆ ಚಳಿಗಾಲದಾಗ ತುಣಕು ತುಣಕಾಗಿ ನನಗ ತಿಳೀತು. ಒಂಬತ್ತು ವರ್ಷ ಡ್ಯಾಮಿನ ಕೆಲಸದಾಗ ಡ್ರೈವರ್ ಇದ್ದ. ಕಾಲುವಿ ಮುಂದಕ್ಕ ಹೋದಂಗ ಡೇರೆನೂ ಮುಂದಕ್ಕ ಹೋಗತಿತ್ತಂತ. ಒಂದು ಜಾಗಾಕ್ಕ ಒಂದು ತಿಂಗಳು ಹೆಚ್ಚು. ಕೆಲಸ ಮುಗಿದ ಮ್ಯಾಲೆ ಬೈಲಹೊಂಗಲಕ್ಕ ಬಂದು ನಮ್ಮ ಜಿನ್ನಿನ ಲಾರಿ ಹೊಡಿಯಾಕ ಹತ್ತಿದ. ಮನಿ ಹಿಡಿದ, ಹೇಣ್ತಿ ಕೃಷ್ಣವ್ವನ ಕರಕೊಂಡು ಬಂದ. ಆದರ ಶನಿವಾರ ಜಿನ್ನಿನ ಭೋಂಗಾ ಕೂಗಿತಂದರ ಅಂವ ಊರಾಗ ಇರತಿದ್ದಿಲ್ಲ. ಪಿಕಪ್ಪಿನಾಗ ಒಂದು ಚಾಪಿ, ಒಂದು ಸ್ಟೋ, ಒಂದು ಕಂದೀಲು ಹಾಕಿಕೊಂಡು ಹೊಂಟುಬಿಡತಿದ್ದ. ಒಂದು ವಾರ ದೇಗಾಂವದ ಗುಡಿ ಹಿಂದ, ಒಂದು ವಾರ ಕಿತ್ತೂರ ಕೋಟಿ ಬಾಜೂಕ, ಒಂದು ವಾರ ಡ್ಯಾಮಿನ ನೀರಿನ ದಂಡಿಗೆ ವಸ್ತಿ. ಐತವಾರ ಸಂಜೀಕ ಮನಿಗೆ ಬರತಿದ್ದ.

"ಎರಡು ಐತವಾರ ಒಂದ ಮಾಡಿನ ಕೆಳಗ ಮಲಗಿದರ ಕಾಲಾಗ ಇರಿವಿ ಹರದಂಗ ಆಗತೈತಿ ಅವ್ವಾ," ಅಂತಿದ್ದ.

"ಮತ್ತ ಆಕಿ ಏನಂತಿದ್ದಳು?"

"'ವಾರದಾಗ ಆರು ದಿನ ಲಾರಿಗೆ ಗಂಡ, ಏಳನೇ ದಿನ ಪಿಕಪ್ಪಿಗೆ ಗಂಡ' ಅಂತಿದ್ದಳು."

ನನಗ ನಗು ಬಂತು, ಅವನಿಗೆ ಬರಲಿಲ್ಲ.

ಹಿಂದಿನ ಕಾರ ಹುಣ್ಣಿಮಿಗೆ ಅಂವ ಒಂದು ಕೆಲಸ ಮಾಡಿದ್ದ. ಊರೆಲ್ಲಾ ಎತ್ತು ತೊಳೆದು ಕೊಂಬಿಗೆ ಕೆಂಪು ಹುರಮಂಜ ಬಳಿಯೂ ಹೊತ್ತಿನಾಗ ಇಂವ ಪಿಕಪ್ಪು ತೊಳೆದು, ಮುಂದಿನ ಬಂಪರಿಗೆ ಹುರಮಂಜ ಬಳಿದು, ಗೆಜ್ಜಿಸರ ಕಟ್ಟಿ, ಬಾನೆಟ್ಟಿನ ಮ್ಯಾಲೆ ಹೋಳಿಗಿ ಇಟ್ಟಿದ್ದನಂತ. ಮಂದಿ ಚಾಷ್ಟಿ ಮಾಡಿದರು.

"ಜಟ್ಟೆಪ್ಪಾ, ನಿನ್ನ ಎತ್ತಿಗೆ ಹಲ್ಲು ಎಷ್ಟೋ?"

"ಹಲ್ಲೆಲ್ಲಾ ಬಿದ್ದಾವ, ಮೇವು ಮಾತ್ರ ಕಡಿಮಿ ಆಗಿಲ್ಲ."

"ಎತ್ತು ಅಂದ ಮ್ಯಾಲೆ ಸೋಮವಾರ ಹೂಡೂದಿಲ್ಲ ಬಿಡು."

"ಹೂಡೂದಿಲ್ಲ! ಸೋಮವಾರ ಬಸವಣ್ಣನ ವಾರ. ನನ್ನ ಎತ್ತಿಗೂ ಸೂಟಿ!"

ಚಾಷ್ಟಿಗೆ ಅಂದದ್ದು. ಆದರ ಅಂದ ಮ್ಯಾಲೆ ನಡೆಸಿದ. ಸೋಮವಾರ ಜಿನ್ನಿನ ಲಾರಿ ಹೊಡೀತಿದ್ದ, ಪಿಕಪ್ಪು ಮುಟ್ಟತಿದ್ದಿಲ್ಲ. ಈ ಮಾತು ಅವನ ಮಾವ ರಾಯಪ್ಪನ ಕಿವಿಗೂ ಬಿತ್ತು. ರಾಯಪ್ಪ ರಾಮದುರ್ಗದ ಕಡೆ, ಕಟಕೋಳ ದಾಟಿ ಒಳಗ ಒಂದು ಹಳ್ಳಿಯಾಗ ಒಕ್ಕಲುತನ ಮಾಡಾಂವ. ಒಂದು ಜೋಡಿ ಎತ್ತು ಇದ್ದವು. ಅಳಿಯನ ಬಗ್ಗೆ ಅವನಿಗೆ ಸೇರಿದ್ದು ಇದೊಂದ ಮಾತಂತ.

ಇನ್ನ ಗಾಡಿ. ನವೆಂಬರಿನಿಂದ ಜನವರಿ ತನಕ ಅಂವ ಅದನ್ನ ಒಂದು ಮನಿ ಮಾಡಿದ. ತೊಟ್ಟಿಗೆ ಹಲಗಿ ಹಾಕಿಸಿದ. ಆ ಹಲಗಿ ಹಗಲು ಮಡಚಿದರ ಗ್ವಾಡಿ, ಬಿಚ್ಚಿದರ ಮಂಚ. ಬಾಜೂಕ ನೀರಿನ ಡಬ್ಬಿ ಕೂಡರಿಸಿ ಕೆಳಗ ನಳ ಹಚ್ಚಿದ. ಸ್ಟೋ ಅಲುಗಬಾರದು ಅಂತ ತಗಡಿನ ಪೆಟ್ಟಿಗಿ ಮಾಡಿಸಿದ. ಬ್ರೇಕು ಬಿಚ್ಚಿ ಹೊಸಾ ರಬ್ಬರು ಹಾಕಿದ. ಹಿಂದಿನ ಎರಡೂ ಟೈರಿಗೆ ಹೊಸಾ ಹಲ್ಲು ಹಾಕಿಸಿದ. ರೇಡಿಯೇಟರು ಮಾತ್ರ ಸೋರತಿತ್ತು. ಅದಕ್ಕ ಒಂದು ಮುಟಗಿ ಅರಿಶಿಣ ಪುಡಿ ಸುರಿದು ಓಡಿಸತಿದ್ದ. ಅರಿಶಿಣ ಹೋಗಿ ತೂತಿನಾಗ ಕುಂದರತೈತಿ, ಸೋರೂದು ನಿಂದರತೈತಿ. ಬ್ಯಾಟರಿ ಸತ್ತಿತ್ತು, ಮುಂದ ಹ್ಯಾಂಡಲ್ ಹಾಕಿ ತಿರುವಿದರ ಮಾತ್ರ ಚಾಲೂ ಆಗತಿತ್ತು. ನಾನು ಟಪ್ಪ ಹೊಲಿದೆ. ಎರಡು ಪದರು, ಮೇಣದ ದಾರ, ಗೇಣಿಗೆ ಹನ್ನೆರಡು ಹೊಲಿಗಿ. ಮಳಿ ನೀರು ನಿಲ್ಲಬಾರದು ಅಂತ ನಡುವ ಎತ್ತರ ಕೊಟ್ಟೆ. ಪರದೆ ಒಂದು ಉಳೀತು.

ಸಂಕ್ರಮಣ ಆಗಿ ಮೂರನೇ ಶನಿವಾರ ಬಂದು, "ಅವ್ವಾ, ನಾಳೆ ಆಕಿನ್ನ ಕರಿಯಾಕ ಹೋಗತೇನಿ, ನೀನೂ ಬಾ," ಅಂದ.

"ನಾ ಗಂಡ ಇಲ್ಲದಾಕಿ. ಕರಿಯಾಕ ಹೋಗೂ ಕೆಲಸಕ್ಕ ನಾ ಬರಬಾರದು."

"ಕರಿಯಾಕ ನಾ ಹೋಗತೇನಿ. ನೀ ಹೊಲಿಯಾಕ ಬಾ. ಪರದೆ ಎಷ್ಟು ಇಳಿಬೇಕು ಆಕಿನ್ನ ಕೇಳಿ ಹೊಲಿ."

ನನ್ನ ಬಾಜೂಕ ಕುಂತು ಹೊಲಿಯೂ ಕೆಂಪವ್ವ, "ಸಾವಂತ್ರೆವ್ವಾ, ಚೀಲ ಮುಗದೂ, ಇನ್ನ ಸಂಸಾರ ಹೊಲಿಯಾಕ ಹೊಂಟೇನು? ದಬ್ಬಣ ದೊಡ್ಡದು ತಗೊಂಡು ಹೋಗು!" ಅಂದಳು.

ಐತವಾರ ಬೆಳಿಗ್ಗೆ ಹೊಂಟಿವಿ. ಜಿನ್ನಿನಾಗ ಅಂವ ಸೋಮವಾರ ಒಂದು ದಿನ ಸೂಟಿ ಕೇಳಿದ್ದ. ನೆಟ್ಟಗ ಹೋಗಿದ್ದರ ಮಧ್ಯಾಹ್ನ ಊಟಕ್ಕ ಅಲ್ಲಿ ಇರತಿದ್ದಿವಿ. ಆದರ ಮುನವಳ್ಳಿ ದಾಟಿದ ಕೂಡಲೆ ಡ್ಯಾಮಿನ ಕಡೆ ಹೊಳ್ಳಿಸಿದ. "ಒಂದ ತಾಸು ಅವ್ವಾ," ಅಂದ. ನೀರಿನ ದಂಡಿಗೆ ನಿಲ್ಲಿಸಿದ. ಗಾಳಿ ಬರವಲ್ದು ಅಂತ ಆ ಕಡೆ ಸರಿಸಿದ. ಬಿಸಲು ಬಡೀತೈತಿ ಅಂತ ಈ ಕಡೆ ಸರಿಸಿದ. ಅನ್ನಕ್ಕ ಇಟ್ಟ ನೀರು ಕುದಿಯೂದರೊಳಗ ಮೂರು ಸಲ ಗಾಡಿ ಸರಿಸಿದ, ಮೂರು ಸಲ ನಾನು ಸ್ಟೋ ಆರಿಸಿದೆ. ಅನ್ನ ಅರೆಬೆಂದಾಗ ಉಂಡು ಹೊಂಟಿವಿ. ಸವದತ್ತಿ ಬಿಟ್ಟು ಎಂಟು ಮೈಲು ಹೋಗಿದ್ದಿವಿ, ರೇಡಿಯೇಟರಿನ ರಬ್ಬರ ಕೊಳವಿ ಒಡೀತು. ಅದಕ್ಕ ಅರಿಶಿಣ ನಡಿಯೂದಿಲ್ಲ. ಅಲ್ಲೇ ಹಾದಿ ದಂಡಿಗೆ ವಸ್ತಿ ಆತು.

ಬೆಳಿಗ್ಗೆ ನಾನು ತಾಡಪತ್ರಿಯ ಒಂದು ಪಟ್ಟಿ ಕತ್ತರಿಸಿ, ಕೊಳವಿ ಸುತ್ತ ಬಿಗಿದು, ಮೇಣದ ದಾರದಿಂದ ಹೊಲಿದು ಕೊಟ್ಟೆ. ಸೋರಲಿಲ್ಲ. ಅಂವ ಹ್ಯಾಂಡಲ್ ಹಿಡಕೊಂಡ.

"ಜಟ್ಟೆಪ್ಪಾ, ಇವತ್ತ ಸೋಮವಾರ."

"ಗೊತ್ತೈತವ್ವಾ. ಸೂಟಿ ಇವತ್ತೊಂದ ದಿನ ಐತಿ."

"ಗಾಡಿ ಇಲ್ಲೇ ಇರಲಿ. ಬಸ್ಸಿಗೆ ಹೋಗಿ ಕರಕೊಂಡು ಬಾ. ನಾ ಇಲ್ಲೇ ಕುಂತಿರತೇನಿ."

"ಬಸ್ಸಿಗೆ ಹೋಗಿ ಏನಂತ ಕರೀಲಿ? ಆಕಿ ಈ ಗಾಡಿ ನೋಡಬೇಕು. ನೋಡಿದರ ಬರತಾಳ." ಅಂವ ಹ್ಯಾಂಡಲ್ ತಿರುವಿದ.

ರಾಯಪ್ಪ ಕೊಟಗಿ ಮುಂದ ಎತ್ತಿನ ಮೈ ತಿಕ್ಕಾಕ ಹತ್ತಿದ್ದ. ಗಾಡಿ ಬಂದು ನಿಂತರೂ ಕೈ ಬಿಡಲಿಲ್ಲ. ಎತ್ತಿನ ಎರಡೂ ಬಾಜೂ ತಿಕ್ಕಿ ಮುಗಿಸಿ, ಕೈ ತೊಳಕೊಂಡು ಬಂದು, ಗಾಡಿ ಸುತ್ತ ಒಂದು ಸುತ್ತು ಹಾಕಿದ.

"ಬರ್ರಿ ಅಳಿಯಾರ. ಇವತ್ತ ಯಾವ ವಾರ್ರಿ?"

"ಸೋಮವಾರ್ರಿ ಮಾವಾರ. ನಿನ್ನೇನ ಬರಬೇಕಿತ್ತು, ಹಾದ್ಯಾಗ ಕೆಟ್ಟತ್ರಿ."

"ಕಾರ ಹುಣ್ಣಿಮಿಗೆ ಹುರಮಂಜ ಬಳದಿದ್ದು ಇದಕ್ಕ ಹೌದಲ್ರಿ?"

"ಹೌದ್ರಿ."

"ಹಂಗಾರ ನೊಗ ಇಳಸ್ರಿ, ಕೊಳ್ಳು ಹರಿರಿ. ಬಿಚ್ಚಿ ಕಟ್ರಿ ಎತ್ತು."

ಜಟ್ಟೆಪ್ಪ ನಕ್ಕ. ರಾಯಪ್ಪ ನಗಲಿಲ್ಲ, ಕೈ ಚಾಚಿಕೊಂಡು ನಿಂತಿದ್ದ. ಕಡೀಕ ಜಟ್ಟೆಪ್ಪ ಆ ಹ್ಯಾಂಡಲ್ ತೆಗೆದು ಕೊಟ್ಟ. ರಾಯಪ್ಪ ಅದನ್ನ ಕೊಟಗಿ ಒಳಗ ನೊಗದ ಬಾಜೂಕ ಗೂಟಕ್ಕ ಸಿಗಿಸಿದ.

"ನಾಳೆ ಮುಂಜಾನೆ ಕೊಡತೇನಿ. ಆದರ ನಾಳೆ ಮಂಗಳವಾರ. ಮಂಗಳವಾರ ಮಗಳನ್ನ ಕಳಸೂ ಪದ್ಧತಿ ನಮ್ಮ ಮನ್ಯಾಗ ಇಲ್ಲ. ಬುಧವಾರ ಆಕಿ ಬಂದರ ಬರಲಿ."

"ಬುಧವಾರ ತನಕ ನನಗ ಸೂಟಿ ಇಲ್ರಿ ಮಾವಾರ."

"ಹಂಗಾರ ನಾಳೆ ನೀವ ಹೋಗ್ರಿ. ನಿಮ್ಮನ್ನ ಯಾರ ಹಿಡದಾರ?"

ಕೃಷ್ಣವ್ವ ಬಾಗಿಲ ಮರೀಗೆ ನಿಂತು ಎಲ್ಲಾ ಕೇಳಿದಳು. ಎಳೆ ಹುಡುಗಿಯಲ್ಲ, ಇಪ್ಪತ್ತೆಂಟರಾಕಿ. ಅವನ ಜೋಡಿ ಮಾತಾಡಲಿಲ್ಲ. ನನ್ನ ಹತ್ತರ ಬಂದು ಗಾಡಿ ಹತ್ತಿದಳು. ಟಪ್ಪದ ಹೊಲಿಗಿ ಮುಟ್ಟಿ ನೋಡಿದಳು, ನಳ ತಿರುವಿದಳು, ಸ್ಟೋ ಪೆಟ್ಟಿಗಿ ತೆಗೆದಳು, ಹಲಗಿ ಬಿಚ್ಚಿ ಮತ್ತ ಮಡಚಿದಳು.

"ಚೊಲೊ ಮಾಡ್ಯಾನ," ಅಂದಳು. "ಅಡಗಿ ಮಾಡಾಕ ಜಾಗಾ ಐತಿ, ಮಲಗಾಕ ಐತಿ. ಅತ್ತಿ, ಇದರಾಗ ಕುಂದರಾಕ ಎಲ್ಲೈತಿ?"

ನೋಡಿದೆ. ಖರೇನ, ಕುಂದರಾಕ ಇದ್ದಿಲ್ಲ. ಅಳೆದವಳು ನಾನ, ನನಗೂ ಹೊಳೆದಿದ್ದಿಲ್ಲ.

"ಲಗ್ನ ಆಗಿ ಐದು ವರ್ಷ," ಅಂದಳು. "ಈ ಮನಿಗೆ ಐದು ಸಲ ಬಂದಾನ. ಒಂದು ಸಲನೂ ಎರಡನೇ ಊಟಕ್ಕ ಉಳದಿಲ್ಲ. ನನ್ನ ಸಂಬಂಧ ಎರಡು ದಿನ ಕುಂದರತಾನೇನು ನೋಡತೇನಿ. ಬುಧವಾರ ತನಕ ಕುಂತರ ಗಂಟು ಕಟ್ಟತೇನಿ. ಇಲ್ಲಂದರ ಇಲ್ಲ. ಇದನ್ನ ನೀವು ಅವನಿಗೆ ಹೇಳಬಾರದು."

"ಹೇಳಿದರ ಏನಾಗತೈತೆವ್ವಾ?"

"ಹೇಳಿದರ ಕುಂದರತಾನ್ರಿ. ಬಸ್ಸಿಗೆ ಕಾಯ್ಕೋತ ಕುಂತಂಗ ಕುಂದರತಾನ."

ಹೂಂ ಅಂದೆ. ಅನಬಾರದಿತ್ತೇನೋ. ಬಾಯಿ ಕಟ್ಟಿಕೊಂಡು ಕುಂದರೂದು ನನಗ ರೂಢಿ ಇತ್ತು, ಆದರ ಆ ಎರಡು ದಿನದಾಗ ಕುಂತಲ್ಲಿ ಕುಂದರಾಕ ಆಗಲಿಲ್ಲ. ಹೊಲಿಗಿ ಒಂದು ಕಡೆ ಉದ್ದ ಬಿತ್ತು, ಬಿಚ್ಚಿ ಮತ್ತ ಹೊಲಿದೆ.

ಸೋಮವಾರ ಅಂವ ಅಂಗಳದಾಗ ತಿರಗಾಡಿದ. ಬಾವಿಗೆ ಹೋಗಿ ಬಂದ, ಮತ್ತ ಬಾವಿಗೆ ಹೋಗಿ ಬಂದ. ಮನಿಯ ಕದದ ಚಿಲಕ ಸಡಿಲ ಇತ್ತು, ಬಿಗಿ ಮಾಡಿದ. ರಾಟಿಗೆ ಎಣ್ಣಿ ಬಿಟ್ಟ. ರಾಯಪ್ಪನ ಹೇಣ್ತಿ ಶಟ್ಟೆವ್ವನ ಬೀಸೂ ಕಲ್ಲಿನ ಗೂಟ ಕೂಡ ಬಿಚ್ಚಿ ನೋಡಿದ. ಮುದಕಿ, "ಕುಂದರ್ರಿ ಅಳಿಯಾರ, ನಮ್ಮ ಮನಿ ಏನು ಹೊಂಟಿಲ್ಲ, ಹಿಡಕೊಳ್ಳಾಕ!" ಅಂದಳು. ಕೃಷ್ಣವ್ವ ಒಳಗಿಂದ ನೋಡತಿದ್ದಳು.

ಮಂಗಳವಾರ ಮುಂಜಾನೆ ರಾಯಪ್ಪ ಹ್ಯಾಂಡಲ್ ತಂದು ಅಳಿಯನ ಕೈಯಾಗ ಕೊಟ್ಟ. ಅದನ್ನ ಮೊಣಕಾಲ ಮ್ಯಾಲೆ ಇಟ್ಟುಕೊಂಡು ಜಟ್ಟೆಪ್ಪ ಕಟ್ಟಿ ಮ್ಯಾಲೆ ಕುಂತ. ಊಟ ಆತು, ಬಿಸಲು ಹೊಳ್ಳಿತು. ನಾನು ಗಾಡಿ ತೊಟ್ಟಿಯಾಗ ಕುಂತು ಪರದೆ ಹೊಲಿಯಾಕ ಹತ್ತಿದ್ದೆ. ಒಮ್ಮಿಂದೊಮ್ಮೆಲೆ ಗಾಡಿ ಅಲುಗಿತು, ಇಂಜಿನ್ ಚಾಲೂ ಆತು, ಮನಿ ಹಿಂದಕ್ಕ ಸರಿಯಾಕ ಹತ್ತಿತು. ಕೃಷ್ಣವ್ವ ಹಿಟ್ಟಿನ ಕೈಲೆ ಬಾಗಿಲಕ್ಕ ಬಂದು ನಿಂತದ್ದು ಪರದೆ ಸಂದಿನಾಗ ಕಂಡಿತು. ಓಡಿ ಬರಲಿಲ್ಲ, ಕರೀಲಿಲ್ಲ. ಸೆರಗಿನಿಂದ ಕೈ ಒರಸಿಕೊಂಡು ಒಳಗ ಹೋದಳು.

ಊರು ಬಿಟ್ಟು ಎರಡು ಮೈಲು, ದೊಡ್ಡ ಹಾದಿ ಕೂಡೂ ಜಾಗಾದಾಗ ತಗಡು ಬಡದೆ. ನಿಲ್ಲಿಸಿದ.

"ಎಲ್ಲಿಗಪಾ?"

"ಎಲ್ಲಿಗೂ ಇಲ್ಲವ್ವಾ." ಇಂಜಿನ್ ಆರಿಸಲಿಲ್ಲ. "ಸುಮ್ನ ಚಾಲೂ ಮಾಡಿದೆ. ಅದು ಹೊಂಟಬಿಟ್ಟತು. ಇಲ್ಲೀತನಕ ಬಂದೇವಿ, ಊರಿಗೆ ನಡಿ. ಶನಿವಾರ ಮತ್ತ ಬರೂಣು."

ಕೃಷ್ಣವ್ವ ಅಂದದ್ದು ನಾಲಿಗಿ ತುದಿ ತನಕ ಬಂತು. ಒಂದು ಮಾತು ಅಂದಿದ್ದರ ಅಂವ ಹೊಳ್ಳಸತಿದ್ದ. ಆದರ ಅದು ನನ್ನ ಮಾತಲ್ಲ. ದಬ್ಬಣ ಚೀಲದಾಗ ಹಾಕಿದೆ, ಪರದೆ ಮಡಚಿ ಬಗಲಾಗ ಇಟ್ಟೆ, ಇಳಿದೆ.

"ಎಲ್ಲಿಗೆ ಹೊಂಟಿ?"

"ಪರದೆ ಮೂರು ಮೊಳ ಉಳದೈತಿ. ಆಕಿ ಮುಂದ ಕುಂತು ಮುಗಸತೇನಿ ಅಂದೇನಿ. ಮುಗಿಸಿ ಬಸ್ಸಿಗೆ ಬರತೇನಿ."

ನಡಿಯಾಕ ಹತ್ತಿದೆ. ಹಿಂದ ಇಂಜಿನ್ ಗುರುಗುಡತಿತ್ತು. ಹತ್ತರ ಬರಲಿಲ್ಲ, ದೂರ ಹೋಗಲಿಲ್ಲ. ನಾನು ಹೊಳ್ಳಿ ನೋಡಲಿಲ್ಲ. ಕಾಲು ಮೈಲು ಆಗಿರಬೇಕು, ಸಪ್ಪಳ ನಿಂತಿತು. ಆಮ್ಯಾಲೆ ಬರೇ ಗಾಳಿ. ಜೋಳದ ಹೊಲದಾಗ ಹಕ್ಕಿ ಹೊಡಿಯೂ ಮಂದಿ ಕೂಗು. ಊರ ಹಳ್ಳ ದಾಟೂ ಮುಂದ ಅಂವ ನನ್ನ ಕೂಡಿದ. ನಡಕೋತ ಬಂದಿದ್ದ. ಮೈಯೆಲ್ಲಾ ಧೂಳು, ಕೈಯಾಗ ಆ ಹ್ಯಾಂಡಲ್.

ಕೃಷ್ಣವ್ವ ಅಂಗಳದಾಗ ಶೇಂಗಾ ಸುಲಿಯಾಕ ಕುಂತಿದ್ದಳು. ಅವನ್ನ ನೋಡಿದಳು, ಅವನ ಹಿಂದಿನ ಹಾದಿ ನೋಡಿದಳು.

"ಗಾಡಿ ಎಲ್ಲೈತಿ?"

"ಹಾದಿ ಕೂಡೂ ಹತ್ತರ."

"ಕೆಟ್ಟತೇನು?"

"ಇಲ್ಲ."

"ಮತ್ತ?"

"ಅದು ಇಲ್ಲಿದ್ದರ ನನಗ ಕುಂದರಾಕ ಆಗೂದಿಲ್ಲ ಕೃಷ್ಣಾ. ಅದಕ್ಕ ಅಲ್ಲೇ ಬಿಟ್ಟು ಬಂದೆ."

ಆಕಿ ಮೊರದಾಗಿನ ಅರ್ಧ ಶೇಂಗಾ ಅವನ ಮುಂದ ಸುರಿದಳು. ಅಂವ ಕುಂತ. ಸುಲಿದ. ಎರಡಕ್ಕ ಒಂದು ಕಾಳು ಒಡೀತಿದ್ದ.

"ಬಿತ್ತಾಕ ಇಟ್ಟ ಕಾಳು ಅವು, ಉಣ್ಣಾಕ ಅಲ್ಲ," ಅಂದಳು.

ಅಂವ ಸಾವಕಾಶ ಮಾಡಿದ. ಒಂದು ಕಾಲು ಕುಣೀತಿತ್ತು, ಆ ಕಾಲಿನ ಮ್ಯಾಲೆ ಇನ್ನೊಂದು ಕಾಲು ಹಾಕಿದ. ದೀಪ ಹಚ್ಚೂ ತನಕ ಜಾಗಾ ಬಿಡಲಿಲ್ಲ. ಒಮ್ಮೆ ಎದ್ದಂಗ ಮಾಡಿದ, ನೀರು ಕುಡದು ಮತ್ತ ಕುಂತ. ಹತ್ತರ ಕುಂತು ನಾನು ಪರದೆ ಮುಗಿಸಿದೆ. ಅವರಿಬ್ಬರೂ ಏನೇನೋ ಮಾತಾಡಿದರು. ಆಕಳ ಕರು, ಜಿನ್ನಿನ ಲಾರಿ, ಯಾರದೋ ಲಗ್ನ. ದೊಡ್ಡ ಮಾತು ಒಂದೂ ಇಲ್ಲ.

ಬುಧವಾರ ಕೃಷ್ಣವ್ವ ಗಂಟು ತಲಿ ಮ್ಯಾಲೆ ಇಟ್ಟುಕೊಂಡು ಎರಡು ಮೈಲು ನಡೆದಳು. ರಾಯಪ್ಪ ಹಾದಿ ತನಕ ಬಂದು, "ಸೋಮವಾರದ ಮಾತು ನೆನಪ ಇರಲಿ ಅಳಿಯಾರ," ಅಂದ. ಗಾಡಿ ಬಿಟ್ಟಲ್ಲೇ ಇತ್ತು, ಬಾನೆಟ್ಟಿನ ಮ್ಯಾಲೆ ಎರಡು ಆಡು ಹತ್ತಿ ನಿಂತಿದ್ದವು. ಜಿನ್ನಿನಾಗ ಒಂದು ವಾರ ಬೈಸಿಕೊಂಡ, ಕೆಲಸ ಹೋಗಲಿಲ್ಲ. ಮುಂದಿನ ಶನಿವಾರ ತೊಟ್ಟಿ ಹಲಗಿ ಒಂದು ಗೇಣು ಕೊಯ್ಸಿ ಇಬ್ಬರು ಕುಂದರೂ ಪೀಠ ಮಾಡಿಸಿದ. ಅದರ ಮೆತ್ತಗಿನ ಹಾಸಿಗಿನೂ ನಾನ ಹೊಲಿದೆ. ಇಬ್ಬರೂ ಹೋಗತಿದ್ದರು, ಒಮ್ಮೊಮ್ಮೆ. ಒಂದೊಂದು ಐತವಾರ ಮನ್ಯಾಗೂ ಇರತಿದ್ದರು. ಆ ಐತವಾರ ಅಂವ ನನ್ನ ಅಂಗಳದ ಮುಂದ ನಾಕು ಸಲ ಹಾದು ಹೋಗತಿದ್ದ, ಸುಮ್ಮನ.

ಒಂದೂವರಿ ವರ್ಷದ ಮ್ಯಾಲೆ ಎಂ.ಕೆ. ಹುಬ್ಬಳ್ಳಿ ಸಕ್ಕರಿ ಕಾರಖಾನಿ ಕಡೆ ಕಬ್ಬಿನ ಲಾರಿ ಹೊಡಿಯಾಕ ಅಂವ ಹೋದ. ಸಾಮಾನೆಲ್ಲಾ ಪಿಕಪ್ಪಿನಾಗ ಹೇರಿದ ದಿನ ಜಿನ್ನಿಗೆ ಬಂದ. ಕೃಷ್ಣವ್ವ ಮುಂದ ಕುಂತಿದ್ದಳು, ಏಳು ತಿಂಗಳ ಬಸರಿ. ಅದಾದ ಮ್ಯಾಲೆ ನಾನು ಅವರನ್ನ ನೋಡಿಲ್ಲ.

ಅವತ್ತು ನಾನು ಚೀಲ ಹೊಲಿಯಾಕ ಹತ್ತಿದ್ದೆ. ಏಳನೇದು. ಅಂವ ಈ ಸಲ ನಿಂದರಲಿಲ್ಲ, ನೆಲಕ್ಕ ಕುಂತ. ಹೋಗತೇನಿ ಅನ್ನಲಿಲ್ಲ. ನನ್ನ ಕೈ ನೋಡಿದ, ದಬ್ಬಣ ಚುಚ್ಚಿದ್ದು, ಎಳೆದದ್ದು, ಚುಚ್ಚಿದ್ದು. ಭಾಳ ಹೊತ್ತು ನೋಡಿದ. ಆಮ್ಯಾಲೆ ದನಿ ಸಣ್ಣದು ಮಾಡಿ ಕೇಳಿದ:

"ಅವ್ವಾ, ಎದ್ದು ಹೊಂಟ ಹೋಗಬೇಕು ಅನಸಿದಾಗ ನೀ ಏನ ಮಾಡತೀ?"